ನೀರಿನ ಒತ್ತಡ: ಆಳದ ಲೆಕ್ಕ

ಮಳೆಗಾಲ ಬಂದಿತೆಂದರೆ ಕನ್ನಂಬಾಡಿಯಲ್ಲಿ ನೀರು ಎಷ್ಟು ಅಡಿಗೆ ಏರಿತೆಂದು ಕೇಳುವುದು ಮೈಸೂರು ಸೀಮೆಯವರ ವಾಡಿಕೆ. ಹಿನ್ನೀರು ಎಷ್ಟು ಮೈಲಿ ಹರಡಿತೆಂದು ಕೇಳುವವರು ವಿರಳ. ರೈತನು ಕೇಳುವ ಕಾರಣ ಬೇರೆ. ಆದರೆ ಕಟ್ಟೆಯ ಗೋಡೆಗೂ ಮುಖ್ಯವಾದ ಪ್ರಶ್ನೆ ಅದೇ. ಇದನ್ನು ಮನಗಂಡ ವಿದ್ಯಾರ್ಥಿಗೆ ದ್ರವಗಳ ಒತ್ತಡದ ಲೆಕ್ಕ ಸುಲಭ. ಮನಗಾಣದವನು ಸೂತ್ರವನ್ನು ಕಂಠಪಾಠ ಮಾಡಿಯೂ ತಪ್ಪುತ್ತಾನೆ.

ಒಂದು ಘನ ಅಡಿ ನೀರಿನ ತೂಕ ಸುಮಾರು 62.4 ಪೌಂಡು. ಆದುದರಿಂದ ಒಂದೊಂದು ಅಡಿ ಕೆಳಗಿಳಿದಂತೆಲ್ಲ ಒತ್ತಡವು ಚದರಡಿಗೆ 62.4 ಪೌಂಡಿನಂತೆ ಹೆಚ್ಚುತ್ತದೆ. 1911ರಲ್ಲಿ ಕೆಲಸ ತೊಡಗಿ ಕಟ್ಟಿದ, 130 ಅಡಿ ಎತ್ತರದ ಆ ಕಟ್ಟೆಯ ಹಿಂದೆ, ನೀರಿನ ಮಟ್ಟದಿಂದ 20 ಅಡಿ ಕೆಳಗೆ ಒಂದು ಸ್ಥಳವನ್ನೂ 120 ಅಡಿ ಕೆಳಗೆ ಇನ್ನೊಂದನ್ನೂ ಗುರುತಿಸಿಕೊಳ್ಳೋಣ. ಆಳದ ಅಂತರ 100 ಅಡಿ. ಒತ್ತಡದ ಅಂತರ ಚದರಡಿಗೆ 6,240 ಪೌಂಡು. ನೀರಿನ ಮೇಲೆ ವಾಯುಮಂಡಲದ ಭಾರವೂ ಉಂಟಲ್ಲವೆ ಎಂದು ಕೇಳಬಹುದು. ಉಂಟು, ಆದರೆ ಅದು ಎರಡು ಸ್ಥಳಗಳಿಗೂ ಸಮನಾಗಿ ಸೇರಿರುವುದರಿಂದ ಕಳೆಯುವಾಗ ತಾನೇ ಹೋಗಿಬಿಡುತ್ತದೆ.

ಹಿನ್ನೀರು ಮೈಲಿಗಟ್ಟಲೆ ಇದ್ದರೂ, ಗೋಡೆಯ ಹಿಂದೆ ಹತ್ತೇ ಅಡಿ ಅಗಲದ ನೀರಿದ್ದರೂ ಈ ಅಂಕಿಗಳು ಬದಲಾಗವು. ವಿದ್ಯಾವಂತರೂ ಇದನ್ನು ಒಡನೆಯೇ ಒಪ್ಪರು. ನಾವೂ ಮೊದಲು ಒಪ್ಪಿರಲಿಲ್ಲ. ಹಾಗಾದರೆ ಅಷ್ಟು ನೀರಿನ ಭಾರ ಎಲ್ಲಿ ಹೋಯಿತು? ಅದನ್ನು ಹೊತ್ತಿರುವುದು ಕೆಳಗಿನ ನೆಲ, ಗೋಡೆಯಲ್ಲ. ಪಾತ್ರೆಯ ತಳದ ಮೇಲಣ ಒತ್ತಡಕ್ಕೆ ಪಾತ್ರೆಯ ಆಕಾರವಾಗಲಿ ನೀರಿನ ಮೊತ್ತವಾಗಲಿ ಕಾರಣವಲ್ಲವೆಂದು ಫ್ಲೆಮಿಷ್ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲಿಯೇ ತೋರಿಸಿದ್ದನು. ಕಟ್ಟೆಯ ಗೋಡೆಯನ್ನು ಮೇಲೆ ಕಿರಿದಾಗಿಯೂ ಬುಡದಲ್ಲಿ ಬಹಳ ದಪ್ಪವಾಗಿಯೂ ಕಟ್ಟುವುದು ಈ ಆಳದ ಲೆಕ್ಕದಿಂದಲೇ.

ಆಳವೆಂದರೆ ನೆಟ್ಟಗೆ ಇಳಿದ ಆಳ. ತುಂಬಿದ ಕಲ್ಯಾಣಿಯೊಂದರಲ್ಲಿ ನೀರಿನೊಳಗೆ 12 ಮೆಟ್ಟಿಲುಗಳಿವೆ. ಒಂದೊಂದರ ಎತ್ತರ 9 ಅಂಗುಲ, ಅಗಲ ಒಂದು ಅಡಿ. ಮೆಟ್ಟಿಲುಗಳ ಇಳಿಜಾರಿನಗುಂಟ ಹಗ್ಗ ಹಿಡಿದರೆ 15 ಅಡಿ ಬರುತ್ತದೆ. ಲೆಕ್ಕಕ್ಕೆ ಬೇಕಾದುದು 9 ಅಡಿ ಮಾತ್ರ.

ಇನ್ನು ಎರಡು ದ್ರವಗಳು ಸೇರುವ ಲೆಕ್ಕ. ಇಲ್ಲಿ ಕರಿಹಲಗೆಯಿಲ್ಲ, ಕೇಳುವವರು ಮನಸ್ಸಿನಲ್ಲಿಯೇ ಚಿತ್ರ ಬರೆದುಕೊಳ್ಳಬೇಕು. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಗಾಜಿನ ನಳಿಗೆಯ ತಳದಲ್ಲಿ ಪಾದರಸವಿದೆ. ಅದರ ಮೇಲೆ ಎರಡು ತೋಳುಗಳಲ್ಲಿಯೂ ನೀರು ತುಂಬಿದೆ. ತೋಳುಗಳ ತುದಿಗಳನ್ನು ನೀರು ಹರಿಯುವ ಮಟ್ಟಸವಾದ ಕೊಳವೆಯ ಎರಡು ಕಡೆಗೆ ಜೋಡಿಸಿದೆ. ಪಾದರಸದ ಮಟ್ಟಗಳಲ್ಲಿ ಒಂದು ಅಂಗುಲದ ಅಂತರ ಕಂಡಿತು. ಪಾದರಸವು ನೀರಿಗಿಂತ 13.6 ಪಾಲು ಭಾರವಾದುದರಿಂದ, ಒತ್ತಡದ ಅಂತರ 13.6 ಅಂಗುಲ ನೀರಿನಷ್ಟೆಂದು ವಿದ್ಯಾರ್ಥಿಗಳಲ್ಲಿ ಅನೇಕರು ಬರೆಯುತ್ತಾರೆ. ತಪ್ಪು ಸಣ್ಣದಾಗಿ ಕಾಣುತ್ತದೆ, ಆದರೆ ತಪ್ಪೇ. ಪಾದರಸ ತಗ್ಗಿದ ತೋಳಿನಲ್ಲಿ ನೀರು ಒಂದು ಅಂಗುಲ ಹೆಚ್ಚಾಗಿ ನಿಂತು ತಾನೂ ಕೆಳಗೊತ್ತುತ್ತಿದೆ; ಅದನ್ನು ಕಳೆಯಬೇಕು. ಸರಿಯಾದ ಉತ್ತರ 12.6 ಅಂಗುಲ ನೀರು, ಎಂದರೆ ಚದರಡಿಗೆ ಸುಮಾರು 65.5 ಪೌಂಡು.