ಒಡಲಿಲ್ಲದ ಯಂತ್ರಗಳ ದಾಖಲೆ

ಕಚೇರಿಯ ಮೇಜು ಕುರ್ಚಿಗಳ ಲೆಕ್ಕವಿಡುವವನಿಗೆ ಒಂದು ಅನುಕೂಲವುಂಟು. ಪಟ್ಟಿಯಲ್ಲಿ ಸಂದೇಹ ಬಂದರೆ ಅವನು ಎದ್ದುಹೋಗಿ ವಸ್ತುಗಳನ್ನು ಎಣಿಸಬಹುದು. ಗಣಕಯಂತ್ರಗಳ ವಿಷಯದಲ್ಲಿಯೂ ಬಹುಕಾಲ ಈ ಮಾತು ಸಲ್ಲುತ್ತಿದ್ದಿತು. ಒಂದೇ ಗಣಕದೊಳಗೆ ಹಲವು ಗಣಕಗಳನ್ನು ನೆಲೆಗೊಳಿಸುವ ತಂತ್ರವು ವ್ಯಾಪಕವಾಗಿ ಬಳಕೆಗೆ ಬಂದ ಮೇಲೆ ಎಣಿಕೆ ಅಷ್ಟು ಸುಲಭವಾಗಿ ಉಳಿಯಲಿಲ್ಲ.

ಈ ತಂತ್ರವು ಇತ್ತೀಚಿನದಲ್ಲ. ಅಮೆರಿಕದ ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, ಒಂದು ದೊಡ್ಡ ಗಣಕವು ಪ್ರತಿಯೊಬ್ಬ ಬಳಕೆದಾರನಿಗೂ ಅವನದೇ ಸ್ವಂತ ಗಣಕವೆಂಬಂತೆ ಒದಗುವ ಹಾಗೆ ಮಾಡಿತು. ಹೀಗೆ ತಂತ್ರಾಂಶದ ಬಲದಿಂದ ಮಾತ್ರ ಇರುವ ಗಣಕಕ್ಕೆ ವರ್ಚುವಲ್ ಯಂತ್ರವೆಂದು ಹೆಸರು. ನಿಜಯಂತ್ರದ ಸ್ಮೃತಿಕೋಶದಲ್ಲಿ ಅದಕ್ಕೊಂದು ಪಾಲುಂಟು, ತನ್ನದೇ ಹೆಸರುಂಟು, ವಿಳಾಸವುಂಟು. ಮುಟ್ಟಿ ನೋಡಲು ಒಡಲಿಲ್ಲ. ಅದು ಕೆಲವೇ ನಿಮಿಷಗಳಲ್ಲಿ ಹುಟ್ಟುತ್ತದೆ. ಕೆಲಸ ಮಾಡುತ್ತಿರುವಾಗಲೇ ಒಂದು ನಿಜಯಂತ್ರವನ್ನು ಬಿಟ್ಟು ಮತ್ತೊಂದನ್ನು ಸೇರಬಲ್ಲದು.

ಇಂತಹ ಚಂಚಲ ವಸ್ತುಗಳನ್ನು ದಾಖಲಿಸುವ ತಂತ್ರಾಂಶಗಳಲ್ಲಿ ನೆಟ್‌ಬಾಕ್ಸ್ ಒಂದು. ಡಿಜಿಟಲ್‌ಓಷನ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ರೂಪುಗೊಂಡ ಅದು 2016ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಮರುವರ್ಷ ಅದರಲ್ಲಿ ವರ್ಚುವಲ್ ಯಂತ್ರಗಳಿಗೂ ಸ್ಥಾನ ದೊರೆಯಿತು. ನಿಜಯಂತ್ರವನ್ನು ಅದರಲ್ಲಿ ಕಟ್ಟಡ, ಕಪಾಟು, ಕಪಾಟಿನ ಅಂತಸ್ತು ಇವುಗಳಿಂದ ಗುರುತಿಸುತ್ತಾರೆ. ವರ್ಚುವಲ್ ಯಂತ್ರವನ್ನಾದರೋ ಸಾಮಾನ್ಯವಾಗಿ ಕ್ಲಸ್ಟರ್, ಎಂದರೆ ಒಟ್ಟಾಗಿ ದುಡಿಯುವ ನಿಜಯಂತ್ರಗಳ ಸಮೂಹ, ಇದರ ಹೆಸರಿನಲ್ಲಿ ಬರೆಯುತ್ತಾರೆ. ಇಂದು ಯಾರ ಮನೆಯಲ್ಲಿ ತಂಗುವನೋ ತಿಳಿಯದ ಸಂಚಾರಿಯ ವಿಷಯದಲ್ಲಿ ಊರಿನ ಹೆಸರನ್ನಷ್ಟೇ ಬರೆದುಕೊಳ್ಳುವಂತೆ ಇದು.

ಜಾಲಸಂಪರ್ಕದ ದಾಖಲೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ವರ್ಚುವಲ್ ಯಂತ್ರಕ್ಕೆ ತಂತಿಯನ್ನು ಜೋಡಿಸುವಂತಿಲ್ಲ. ಜೋಡಿಸಿದಂತೆ ಬರೆಯಲು ನೆಟ್‌ಬಾಕ್ಸ್ ಬಿಡುವುದೂ ಇಲ್ಲ. ಅದರ ಬದಲು ಇಂಟರ್‌ಫೇಸ್ ಎಂಬ ಬಾಗಿಲನ್ನು ಕಲ್ಪಿಸಿ, ಜಾಲದಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸವನ್ನು ಆ ಬಾಗಿಲಿಗೆ ಬರೆಯಬೇಕು. ನೇರವಾಗಿ ಯಂತ್ರದ ಹೆಸರಿಗೇ ಬರೆದರೆ ಸಾಲದೇ ಎಂದು ತೋರಬಹುದು. ಒಂದು ಬಾಗಿಲು ಸಾರ್ವಜನಿಕರ ಕಡೆಗೂ ಮತ್ತೊಂದು ಒಳಗಿನ ಲೆಕ್ಕಪತ್ರಗಳ ಕಡೆಗೂ ತೆರೆದಿರುವ ಯಂತ್ರದಲ್ಲಿ, ಯಾವ ವಿಳಾಸ ಯಾವ ಬಾಗಿಲಿನದೆಂದು ತಿಳಿಯದಿದ್ದರೆ ಕಾವಲಿಡುವುದೆಲ್ಲಿ? ಒಂದೇ ತಂತಿಯಲ್ಲಿ ಹರಿಯುವ ಸಂದೇಶಗಳಿಗೆ 1ರಿಂದ 4094ರವರೆಗಿನ ಗುರುತುಸಂಖ್ಯೆಗಳನ್ನು ಹಚ್ಚಿ ಬೇರೆಬೇರೆ ಜಾಲಗಳಾಗಿ ವಿಂಗಡಿಸುವ ಪದ್ಧತಿಗೆ ವಿಲ್ಯಾನ್ ಎನ್ನುತ್ತಾರೆ. ಆ ಸಂಖ್ಯೆಯನ್ನೂ ಬಾಗಿಲಿನ ಮೇಲೆಯೇ ನಮೂದಿಸಬೇಕು.

ಈ ಬರಹದಲ್ಲಿ ಒಂದು ಸಾಲು ತಪ್ಪಿದರೆ ಆಗುವ ತೊಡಕು ವಿಚಿತ್ರವಾದುದು. 10.0.0.25 ಎಂಬ ವಿಳಾಸವುಳ್ಳ ಯಂತ್ರವೊಂದು ದಾಖಲೆಗೆ ಬಾರದೆ ಉಳಿದರೆ, ಆ ವಿಳಾಸ ಖಾಲಿಯಿದೆಯೆಂದು ಭಾವಿಸಿ ಹೊಸ ಯಂತ್ರಕ್ಕೆ ಅದನ್ನೇ ಕೊಡುತ್ತಾರೆ. ಸಂದೇಶಗಳು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಹೋಗತೊಡಗುತ್ತವೆ. ಪರೀಕ್ಷಿಸಿದರೆ ಎರಡು ಯಂತ್ರಗಳೂ ಸುಸ್ಥಿತಿಯಲ್ಲಿರುತ್ತವೆ.

ಹಾಗಾದರೆ ನಡೆಯುತ್ತಿರುವ ಯಂತ್ರಗಳ ವಿವರವನ್ನು ಪ್ರತಿರಾತ್ರಿ ತಾನಾಗಿಯೇ ನಕಲಾಗುವಂತೆ ಏಕೆ ಮಾಡಬಾರದು? ಶ್ರಮವೇನೋ ಉಳಿಯುತ್ತದೆ, ಆದರೆ ತಪ್ಪೂ ನಕಲಾಗುತ್ತದೆ. ದಾಖಲೆಯು ಇರುವುದನ್ನಲ್ಲ, ಇರಬೇಕಾದುದನ್ನು ಹೇಳಬೇಕೆಂಬುದು ನೆಟ್‌ಬಾಕ್ಸ್ ನಿರ್ಮಾಪಕರ ನಿಲುವು. ಅದು ಸರಿಯಾದುದೇ. ಎರಡನ್ನೂ ಹೋಲಿಸಿದಾಗಲಲ್ಲವೇ ಪಟ್ಟಿಯಲ್ಲಿಲ್ಲದ ಯಂತ್ರವು ಕಣ್ಣಿಗೆ ಬೀಳುವುದು! ಬಿದ್ದರೂ ಅದನ್ನು ಕೂಡಲೇ ನಿಲ್ಲಿಸುವಂತಿಲ್ಲ. ಯಾರು, ಎಂದು, ಏತಕ್ಕಾಗಿ ಅದನ್ನು ಹುಟ್ಟಿಸಿದರೋ ವಿಚಾರಿಸಬೇಕು. ತಿಂಗಳ ಕೊನೆಯಲ್ಲಿ ನೌಕರರ ಸಂಬಳದ ಲೆಕ್ಕ ನಡೆಯುವುದು ಅದರಲ್ಲಿಯೇ ಇರಬಹುದು.