ಹೊಟ್ಟಿ ತುಂಬಿದ್ದು ಮೆದುಳಿಗೆ ಹ್ಯಾಂಗ ಗೊತ್ತಾಗ್ತದ?



ಬರಗಾಲದ ವರ್ಷ ಕಣಕಿ, ಹಿಂಡಿ ಸಾಲದೆ ಎಮ್ಮೆಗಳು ಬಡಕಲಾಗುತ್ತವೆ. ಅಂಥ ಎಮ್ಮೆ ಬೇಗ ಬೆದೆಗೆ ಬರುವುದಿಲ್ಲ, ಗಬ್ಬ ನಿಲ್ಲುವುದಿಲ್ಲ. "ಮೊದಲ ಹೊಟ್ಟಿ ತುಂಬ ಹಾಕ್ರಿ, ಗಬ್ಬದ ಮಾತು ಆಮ್ಯಾಲ" ಅಂತ ನಮ್ಮ ಮುತ್ಯಾ ಹೇಳ್ತಾನ. ಈ ಮಾತಿನಲ್ಲಿ ವಿಜ್ಞಾನ ಅದ. ಮನುಷ್ಯರಿಗೂ ಇದು ಅನ್ವಯಿಸುತ್ತದೆ.

ನಮ್ಮ ಮೆದುಳಿನ ತಳದಲ್ಲಿ ಹೈಪೋಥಾಲಮಸ್ ಎಂಬ ಸಣ್ಣ ಭಾಗವಿದೆ. ಅದು ತಾಸಿಗೊಮ್ಮೆ, ಎರಡು ತಾಸಿಗೊಮ್ಮೆ ಒಂದು ಹಾರ್ಮೋನನ್ನು ಸ್ವಲ್ಪ ಸ್ವಲ್ಪ ಬಿಡುತ್ತದೆ. ಹಾರ್ಮೋನ್ ಅಂದರೆ ರಕ್ತದಾಗ ಹೋಗುವ ಸುದ್ದಿ ಇದ್ದಂಗ. ಈ ಸುದ್ದಿ ಹತ್ತಿರದ ಪಿಟ್ಯುಟರಿ ಗ್ರಂಥಿಗೆ ಮುಟ್ಟುತ್ತದೆ. ಪಿಟ್ಯುಟರಿ ಬೇರೆ ಎರಡು ಹಾರ್ಮೋನುಗಳನ್ನು ಹುಡುಗಿಯರ ಅಂಡಾಶಯಕ್ಕೆ, ಹುಡುಗರ ವೃಷಣಕ್ಕೆ ಕಳಿಸುತ್ತದೆ. ಆಗ ಹುಡುಗಿ ದೊಡ್ಡಾಕಿ ಆಗ್ತಾಳ, ಹುಡುಗನ ದನಿ ಒಡೀತದ.

ಹಾಗಾದರೆ ಊಟ ಸಾಕೋ ಇಲ್ಲವೋ ಎಂದು ಮೆದುಳಿಗೆ ಹೇಳುವವರು ಯಾರು? 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಇದು ಮೈಯ ಕೊಬ್ಬಿನಿಂದ ಹುಟ್ಟುತ್ತದೆ. ಮೈಯಲ್ಲಿ ಶಕ್ತಿ ಕೂಡಿಟ್ಟಿದ್ದರೆ ಲೆಪ್ಟಿನ್ ಸಾಕಷ್ಟು ಇರುತ್ತದೆ. ಉಪವಾಸ ಬಿದ್ದರೆ ಕಡಿಮೆಯಾಗುತ್ತದೆ. ಆಗ ಮೆದುಳು, "ಈಗ ಕೂಸು ಹೊರಲು, ಹಾಲೂಡಿಸಲು ಶಕ್ತಿ ಇಲ್ಲ" ಎಂದು ತಿಳಿದು ತನ್ನ ಸುದ್ದಿ ಕಳಿಸುವುದನ್ನು ನಿಧಾನ ಮಾಡುತ್ತದೆ. ಹೃದಯ, ಶ್ವಾಸಕೋಶ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಆದರೆ ಮಕ್ಕಳಾಗುವ ಕೆಲಸವನ್ನು ಮುಂದಕ್ಕೆ ಹಾಕಬಹುದು.

ಇದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಹಾಲೆಂಡಿನಲ್ಲಿ ಅನ್ನದ ಬರ ಬಂತು. ಬಹಳ ಹೆಂಗಸರ ಮುಟ್ಟು ನಿಂತಿತು. ಒಂಬತ್ತು ತಿಂಗಳ ನಂತರ ಜನನಗಳು ಬಹಳ ಇಳಿದವು. ಊಟ ಸಿಕ್ಕ ಮೇಲೆ ಮತ್ತೆ ಏರಿದವು. ನಮ್ಮ ದಕ್ಷಿಣ ಭಾರತದ 1876-78ರ ದೊಡ್ಡ ಬರದಲ್ಲೂ ಹುಟ್ಟುವ ಕೂಸುಗಳು ಕಡಿಮೆಯಾದವು.

ಆದ್ದರಿಂದ ನಾವು ತಿಳಿಯಬೇಕಾದದ್ದು:

1. ದೊಡ್ಡಾಕಿ ಆಗುವುದು ತಡವಾದರೆ ಅದು ಗ್ರಹಚಾರವಲ್ಲ, ಶಾಪವೂ ಅಲ್ಲ. ಯಾರನ್ನೂ ಚಾಷ್ಟಿ ಮಾಡಬಾರದು.

2. ಊಟ ಒಂದೇ ಕಾರಣವಲ್ಲ. 15 ವರ್ಷ ತುಂಬಿದರೂ ಮುಟ್ಟಾಗದಿದ್ದರೆ, ಇಲ್ಲವೆ ಆಗುತ್ತಿದ್ದದ್ದು ಮೂರು ತಿಂಗಳು ನಿಂತರೆ ಡಾಕ್ಟರಿಗೆ ತೋರಿಸಬೇಕು.

3. ಬಹಳ ದಪ್ಪಾದರೂ ಈ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ. ಹಿತಮಿತ ಇರಬೇಕು.

4. ಹೆಣ್ಣುಮಕ್ಕಳು ಎಲ್ಲರ ಊಟ ಆದ ಮೇಲೆ ಉಳಿದದ್ದು ಉಣ್ಣಬೇಕು ಎಂಬ ಪದ್ಧತಿ ಬಿಡಬೇಕು.

ಆಳಂದ, ಅಫಜಲಪುರ, ಜೇವರ್ಗಿ ತೊಗರಿಯ ಸೀಮೆ. ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ರಾಶಿ ಮಾಡಿದ ಅವ್ವನ ಗಂಗಾಳದಾಗ ಬರೀ ಬ್ಯಾಳಿ ನೀರು ಇರಬಾರದು. ಜೋಳದ ರೊಟ್ಟಿ, ಗಟ್ಟಿ ಬ್ಯಾಳಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಮೊಸರು ಇವೇ ನಮ್ಮ ಟಾನಿಕ್. 2021ರ ಡಿಸೆಂಬರ್‌ನಿಂದ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ಶುರುವಾಯಿತು. ನಾಚದೆ ತಿನ್ನಿರಿ. ಮನೆಯಾಗ ಅಕ್ಕ, ತಂಗಿ, ಅವ್ವ ಉಂಡರೋ ಇಲ್ಲೋ ಅಂತ ದಿನಾ ಕೇಳ್ರಿ.

— 7ನೇ ತರಗತಿ ವಿದ್ಯಾರ್ಥಿನಿ