ಕಾರಿನ ಹಿಂದೆ ಮನೆ ಕಟ್ಟಿಕೊಂಡು ಯೆಲ್ಲೋಸ್ಟೋನ್‌ಗೆ

ಎತ್ತಿನ ಗಾಡಿಗೆ ಹೇರು ಹಾಕುವವರಿಗೆ ಒಂದು ಲೆಕ್ಕ ಗೊತ್ತು. ಭಾರ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತುಗಳ ಗಂಟಲು ಬಿಗಿಯುತ್ತದೆ. ತೀರಾ ಮುಂದಕ್ಕೆ ಬಂದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ಗಾಲಿಯ ಮನೆ ಕಟ್ಟಿಕೊಂಡು ಸಾವಿರ ಕಿಲೋಮೀಟರ್ ಹೊರಡುವವರು ಕಲಿಯಬೇಕಾದ ಮೊದಲ ಪಾಠವೂ ಇದೇ.

ಈ ಗಾಲಿಮನೆಗೆ ಅಲ್ಲಿ ಕ್ಯಾಂಪರ್ ಟ್ರೈಲರ್ ಎನ್ನುತ್ತಾರೆ. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ದೊಡ್ಡದಾದರೆ ಶೌಚಾಲಯವೂ ಇರುತ್ತದೆ. ಇಂಜಿನ್ ಮಾತ್ರ ಇರುವುದಿಲ್ಲ; ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿನಂತೆ ಇದನ್ನು ಎಳೆದೊಯ್ಯಬೇಕು. ಪಿಕಪ್ ಅಥವಾ ದೊಡ್ಡ ಜೀಪಿನಂಥ ವಾಹನದ ಹಿಂಭಾಗದ ಕೊಂಡಿಗೆ ಇದರ ಮೂಕಿಯನ್ನು ಸಿಕ್ಕಿಸುತ್ತಾರೆ.

ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಈ ಕೊಂಡಿಯ ಮೇಲೆ ಬೀಳಬೇಕು ಎಂಬುದು ನಿಯಮ. ಟ್ರೈಲರ್ 2,000 ಕಿಲೋ ಇದ್ದರೆ ಕೊಂಡಿಯ ಮೇಲೆ 200ರಿಂದ 300 ಕಿಲೋ. ಇದಕ್ಕಿಂತ ಕಡಿಮೆಯಾದರೆ, ಅಂದರೆ ಸಾಮಾನೆಲ್ಲ ಹಿಂದೆ ತುಂಬಿದರೆ, ವೇಗ ಹೆಚ್ಚಿದಂತೆ ಟ್ರೈಲರ್ ಹಾವಿನ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಕೊನೆಗೆ ಎಳೆಯುವ ವಾಹನವನ್ನೂ ಮಗುಚಿಬಿಡಬಹುದು. ನೀರಿನ ತೊಟ್ಟಿ ಎಲ್ಲಿದೆ ಎಂಬುದೂ ಇಲ್ಲಿ ಮುಖ್ಯ. 150 ಲೀಟರ್ ನೀರು ಎಂದರೆ 150 ಕಿಲೋ. ಅದು ಅಚ್ಚಿನ ಹಿಂದಿದ್ದರೆ ಲೆಕ್ಕವೇ ತಲೆಕೆಳಗು.

ಬೀಸು ಶುರುವಾದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಾಗೆ ಮಾಡಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರಿನ ಗಾಲಿಗಳಿಗಷ್ಟೇ ಬ್ರೇಕ್ ಹಾಕಬೇಕು. ಆಗ ಹಿಂದಿನದು ಜಗ್ಗಿ, ಎರಡೂ ಸಾಲಿಗೆ ಬರುತ್ತವೆ. ಇದಕ್ಕೆಂದೇ ಚಾಲಕನ ಕೈಗೆ ಸಿಗುವಂತೆ ಬ್ರೇಕ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಕೊಂಡಿಯೇ ಕಳಚಿದರೆ? ಅಡ್ಡಡ್ಡ ಹಾಕಿದ ಎರಡು ಸರಪಳಿಗಳು ಮೂಕಿ ನೆಲಕ್ಕೆ ಬೀಳದಂತೆ ತಡೆಯುತ್ತವೆ. ಅವೂ ಹರಿದರೆ ಒಂದು ತಂತಿ ಪಿನ್ ಕಿತ್ತು ಟ್ರೈಲರಿನ ಬ್ರೇಕನ್ನು ತಾನೇ ಒತ್ತಿಬಿಡುತ್ತದೆ.

ಸಿಯಾಟಲ್ ನಗರದಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ದ್ವಾರಕ್ಕೆ ಸುಮಾರು 1,200 ಕಿಲೋಮೀಟರ್. ಬರಿ ಕಾರಿನಲ್ಲಿ ಒಂದೇ ದಿನ ಓಡಿಸುವ ಗಟ್ಟಿಗರಿದ್ದಾರೆ. ಟ್ರೈಲರ್ ಕಟ್ಟಿದರೆ ಎರಡು ಮೂರು ದಿನ ಇಟ್ಟುಕೊಳ್ಳುವುದೇ ಲೇಸು. ಟ್ರೈಲರಿನ ಬಹಳಷ್ಟು ಟೈರುಗಳು ಗಂಟೆಗೆ 105 ಕಿಲೋಮೀಟರಿನ ವೇಗಕ್ಕಷ್ಟೇ ತಯಾರಾದವು. ಮೈಲೇಜು ಅರ್ಧಕ್ಕೆ ಇಳಿಯುವುದೂ ಸಾಮಾನ್ಯ.

ಹೆದ್ದಾರಿ ಮೊದಲು ಸ್ನೋಕ್ವಾಲ್ಮಿ ಕಣಿವೆದಾರಿ ಹತ್ತಿ ಇಳಿಯುತ್ತದೆ. ವ್ಯಾಂಟೇಜ್ ಬಳಿ ಕೊಲಂಬಿಯಾ ನದಿ ದಾಟುವಾಗ ಅಡ್ಡಗಾಳಿ ಟ್ರೈಲರಿನ ಪಕ್ಕೆಗೆ ಬಡಿಯುತ್ತದೆ. ಐಡಾಹೊ ದಾಟಿ ಮೊಂಟಾನಾ ಸೇರಿದ ಮೇಲೆ, ಬ್ಯೂಟ್ ಊರಿನ ಹತ್ತಿರದ ಹೋಮ್‌ಸ್ಟೇಕ್ ಕಣಿವೆದಾರಿ 1,900 ಮೀಟರಿಗೂ ಎತ್ತರ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಆದರೆ ಏರಿಗಿಂತ ಇಳಿಜಾರೇ ಅಪಾಯ. ಬ್ರೇಕ್ ಒತ್ತುತ್ತಲೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಏರುವ ಗಿಯರಿನಲ್ಲೇ ಇಳಿಯಬೇಕು ಎಂದು ದಿಂಬಂ ಘಾಟಿಯ 27 ತಿರುವುಗಳಲ್ಲಿ ಲಾರಿ ಓಡಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಶ್ಚಿಮ ದ್ವಾರದ ಊರು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಮೇಲಿದೆ, ಊಟಿಗಿಂತ ತುಸುವೇ ತಗ್ಗು.

ಯೆಲ್ಲೋಸ್ಟೋನ್ 1872ರಲ್ಲಿ ಘೋಷಣೆಯಾದ ಉದ್ಯಾನ. ವಿಸ್ತೀರ್ಣ ಸುಮಾರು 8,983 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಬಹುತೇಕ ರಸ್ತೆಗಳು ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ. ತೆರೆದಿರುವಾಗಲೂ ಟ್ರೈಲರನ್ನು ಸಿಕ್ಕಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಗೊತ್ತುಪಡಿಸಿದ ಬಿಡಾರಗಳಲ್ಲೇ ತಂಗಬೇಕು, ಜಾಗ ಮೊದಲೇ ಕಾದಿರಿಸಬೇಕು. ನೀರು, ವಿದ್ಯುತ್, ಕೊಳಚೆ ಕೊಳವೆ ಮೂರೂ ಸಿಗುವ ಬಿಡಾರ ಉದ್ಯಾನದೊಳಗೆ ಇರುವುದು ಒಂದೇ, ಫಿಶಿಂಗ್ ಬ್ರಿಜ್. ಅಲ್ಲಿ ಗಟ್ಟಿ ಗೋಡೆಯ ಗಾಲಿಮನೆಗಳಿಗಷ್ಟೇ ಪ್ರವೇಶ. ಬಟ್ಟೆಯ ಗೋಡೆಯದಕ್ಕೂ ಡೇರೆಗೂ ಇಲ್ಲ, ಏಕೆಂದರೆ ಅದು ಗ್ರಿಜ್ಲಿ ಕರಡಿಗಳು ಓಡಾಡುವ ಜಾಗ. ತಿಂಡಿಯ ವಾಸನೆ ಹಿಡಿದು ಬಿಡಾರಕ್ಕೆ ಬರುವುದನ್ನು ಕಲಿತ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಹಾಗಾಗಿ ಹೊರಗೆ ಒಂದು ತಟ್ಟೆ ಬಿಡುವುದೂ ತಪ್ಪು.

ಒಳಗಿನ ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 72 ಕಿಲೋಮೀಟರ್. ಕಾಡುಕೋಣದಂಥ ಬೈಸನ್‌ಗಳು ರಸ್ತೆ ನಡುವೆ ನಿಂತರೆ ಅವು ಸರಿಯುವವರೆಗೆ ಕಾಯುವುದೇ ದಾರಿ. ಅವುಗಳಿಂದ 23 ಮೀಟರ್, ಕರಡಿ ಮತ್ತು ತೋಳಗಳಿಂದ 91 ಮೀಟರ್ ದೂರ ಇರಬೇಕೆಂಬುದು ನಿಯಮ.

ಇಲ್ಲಿನ ಕಾಡುದಾರಿಗಳ ಕಟ್ಟಳೆ ಬೇರೆ. ಬಂಡೀಪುರದ ಮೂಲಕ ವಯನಾಡಿಗೂ ನೀಲಗಿರಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ತುರ್ತು ವಾಹನಗಳು ಮತ್ತು ಕೆಲವು ಬಸ್ಸುಗಳಿಗಷ್ಟೇ ವಿನಾಯಿತಿ. ದಿಂಬಂ ದಾರಿಗೂ 2022ರಲ್ಲಿ ರಾತ್ರಿ ನಿರ್ಬಂಧ ಬಂತು. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ಪ್ರಕಟಿಸಿದೆ. ಅಂಥ ವಾಹನದಲ್ಲಿ ಮೈಸೂರಿನಿಂದ ವಯನಾಡಿಗೆ ಹೊರಡುವವರು ಬಂಡೀಪುರವನ್ನು ಹಗಲಿನಲ್ಲೇ ದಾಟಿರಬೇಕು.